ಮಣ್ಣು ನೋಡಿ ಯಂತ್ರ ಹಿಡಿಯಿರಿ: ನಮ್ಮ ಹೊಲ ಗದ್ದೆಗಳಲ್ಲಿ ಮೆಟಲ್ ಡಿಟೆಕ್ಟರ್ ಬಳಸುವ ಕ್ರಮ

ನಾಟಿ ಹಾಕುವಾಗ ಗದ್ದೆಯಲ್ಲಿ ಮೂಗುಬಟ್ಟು ಬಿದ್ದುಹೋಗಿದೆ, ಯಂತ್ರ ತಂದರೆ ಸಿಗುತ್ತದೆಯೇ ಎಂದು ಒಬ್ಬರು ಕೇಳುತ್ತಾರೆ. ಕಬ್ಬು ಕಡಿದ ಹೊಲದಲ್ಲಿ ತಾಳಿ ಸರ ಕಳೆದಿದೆ, ಮೇಲೆ ಮಳೆಯೂ ಬಂದಿದೆ, ಈಗಲೇ ಹುಡುಕುವುದೋ ಕಾಯುವುದೋ ಎಂದು ಇನ್ನೊಬ್ಬರು ಕೇಳುತ್ತಾರೆ. ಬೇಸಿಗೆಯಲ್ಲಿ ಸರಿಯಾಗಿದ್ದ ಯಂತ್ರ ಈಗ ಬರೀ ನೆಲದ ಮೇಲೂ ಕೂಗುತ್ತಿದೆ, ಕೆಟ್ಟಿರಬಹುದೇ ಎಂಬುದು ಮೂರನೆಯವರ ಪ್ರಶ್ನೆ. ಮಂಡ್ಯ, ಶ್ರೀರಂಗಪಟ್ಟಣ, ತಿ. ನರಸೀಪುರದ ಕಡೆಯಿಂದ ಮತ್ತೆ ಮತ್ತೆ ಬರುವ ಈ ಪ್ರಶ್ನೆಗಳಿಗೆಲ್ಲ ಒಟ್ಟಿಗೆ ಉತ್ತರ ಬರೆಯುವುದು ಒಳ್ಳೆಯದೆನಿಸಿತು. ಉತ್ತರದ ಮುಕ್ಕಾಲು ಪಾಲು ಯಂತ್ರದಲ್ಲಿಲ್ಲ, ಕಾಲ ಕೆಳಗಿನ ಮಣ್ಣಿನಲ್ಲಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಯಂತ್ರದ ತುದಿಯಲ್ಲಿರುವ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿಗಳಿರುತ್ತವೆ. ಈ ತಟ್ಟೆಯನ್ನೇ ಕಾಯಿಲ್ ಎನ್ನುವುದು. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ನೆಲದೊಳಕ್ಕೆ ಬಿಡುತ್ತದೆ. ಆ ಕ್ಷೇತ್ರಕ್ಕೆ ಸಿಕ್ಕ ಲೋಹದಲ್ಲಿ ಸುಳಿಯಂತೆ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದರಿಂದ ಮರಳಿ ಬರುವ ಕ್ಷೀಣ ಉತ್ತರವನ್ನು ಇನ್ನೊಂದು ಸುರುಳಿ ಹಿಡಿದು ನಮಗೆ ಸದ್ದಾಗಿ ಕೇಳಿಸುತ್ತದೆ. ತೊಡಕಿರುವುದು ಇಲ್ಲಿಯೇ. ಕಬ್ಬಿಣದ ಅಂಶವಿರುವ ಮಣ್ಣು ಮತ್ತು ಉಪ್ಪಿನಂಶವಿರುವ ಒದ್ದೆ ಮಣ್ಣು ಕೂಡ ಅದೇ ಕ್ಷೇತ್ರಕ್ಕೆ ತಮ್ಮ ತಮ್ಮ ರೀತಿಯಲ್ಲಿ ಉತ್ತರ ಕೊಡುತ್ತವೆ. ಮಣ್ಣಿನ ಉತ್ತರ ಜೋರಾಗಿದ್ದಷ್ಟೂ ಒಳಗಿರುವ ಕಿವಿಯೋಲೆಯ ಉತ್ತರ ಅದರಲ್ಲಿ ಮುಳುಗಿಹೋಗುತ್ತದೆ. ಆದ್ದರಿಂದ “ಈ ಯಂತ್ರ ಎಷ್ಟು ಆಳ ನೋಡುತ್ತದೆ” ಎಂದು ಕೇಳಿದಾಗ, ಮಣ್ಣು ಯಾವುದು, ಕಳೆದ ವಸ್ತು ಯಾವುದು ಎಂದು ತಿರುಗಿ ಕೇಳದೆ ಅಡಿಗಳ ಲೆಕ್ಕ ಹೇಳುವ ಮಾರಾಟಗಾರರನ್ನು ನಂಬಬೇಡಿ. ಹದವಾದ ಮಣ್ಣಿನಲ್ಲಿ ಐದು ರೂಪಾಯಿ ನಾಣ್ಯದಷ್ಟು ದೊಡ್ಡ ವಸ್ತುವನ್ನು ಸಾಮಾನ್ಯ ಯಂತ್ರವೊಂದು 15ರಿಂದ 25 ಸೆಂಟಿಮೀಟರ್ ಆಳದಲ್ಲಿ ಗುರುತಿಸುತ್ತದೆ. ಅದೇ ಯಂತ್ರ ಕಬ್ಬಿಣಾಂಶ ಹೆಚ್ಚಿರುವ ಕೆಮ್ಮಣ್ಣಿನಲ್ಲಿ ಅರ್ಧಕ್ಕೇ ಸೋಲಬಹುದು. ಮೂಗುಬಟ್ಟಾದರೆ ಎಲ್ಲಿಯೇ ಆಗಲಿ ಎರಡು ಮೂರು ಬೆರಳಿನ ಆಳದ ಮಾತು.

1. ನೆಲ ಯಾರದು ಎಂಬುದು ಮೊದಲು

ನಿಮ್ಮ ಸ್ವಂತ ಜಮೀನು, ಅಥವಾ ಮಾಲೀಕರ ಸ್ಪಷ್ಟ ಒಪ್ಪಿಗೆ ಇರುವ ಜಮೀನು ಬಿಟ್ಟು ಬೇರೆಲ್ಲಿಯೂ ಈ ಯಂತ್ರ ಹಿಡಿಯಬೇಡಿ. ನಮ್ಮ ಭಾಗದಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಶ್ರೀರಂಗಪಟ್ಟಣದ ಕೋಟೆ, ದರಿಯಾ ದೌಲತ್, ಗುಂಬಜ್, ಸೋಮನಾಥಪುರದ ದೇವಾಲಯ ಮೊದಲಾದ ಸಂರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯು ರಾಷ್ಟ್ರೀಯ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರನ್ನು ನಿಷೇಧಿತ ಪ್ರದೇಶವೆಂದೂ ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶವೆಂದೂ ಗುರುತಿಸಿದೆ. ಆ ವಲಯಗಳನ್ನು ಮುಖ್ಯವಾಗಿ ಕಟ್ಟಡ ಕಾಮಗಾರಿಗಾಗಿ ಗುರುತಿಸಿರುವುದಾದರೂ, ಹವ್ಯಾಸಕ್ಕೆ ಯಂತ್ರ ಹಿಡಿದವರು ಅಷ್ಟು ದೂರವನ್ನು ತಾವಾಗಿಯೇ ಬಿಟ್ಟುಕೊಡುವುದು ಲೇಸು. 1799ರ ಮುತ್ತಿಗೆಯ ಸೀಸದ ಗುಂಡೋ ಹಳೆಯ ನಾಣ್ಯವೋ ನಿಮ್ಮದೇ ಹೊಲದಲ್ಲಿ ಸಿಕ್ಕರೂ ಅದು ನಿಮ್ಮದಾಗಿಬಿಡುವುದಿಲ್ಲ. ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಜಾಗ ಕೆಡಿಸದೆ, ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗಳ ಕಚೇರಿಗೋ ಬರಹದಲ್ಲಿ ತಿಳಿಸಿ. ಈ ಲೇಖನ ಕಳೆದ ವಸ್ತುವನ್ನು ಹುಡುಕುವವರಿಗೆ; ನಿಧಿ ಹುಡುಕುವವರಿಗೆ ಇದರಲ್ಲಿ ಏನೂ ಇಲ್ಲ. ಇಪ್ಪತ್ತು ಅಡಿ ಆಳದ ಚಿನ್ನವನ್ನು ದೂರದಿಂದಲೇ ತೋರಿಸುವುದಾಗಿ ಹೇಳಿ ಮಾರುವ ಕಡ್ಡಿ, ಆಂಟೆನಾಗಳಿಂದ ದುಡ್ಡು ಕಳೆದುಕೊಳ್ಳಬೇಡಿ.

2. ಬೇಕಾಗುವ ಸಾಮಾನು

ಯಂತ್ರದ ಜೊತೆಗೆ ಹೆಡ್‌ಫೋನ್ ಇರಲಿ, ಏಕೆಂದರೆ ಸಣ್ಣ ಚಿನ್ನದ ಸದ್ದು ಬಯಲಿನ ಗಾಳಿಯಲ್ಲಿ ಕೇಳಿಸುವುದೇ ಇಲ್ಲ. ಪಿನ್‌ಪಾಯಿಂಟರ್, ಅಂದರೆ ಗುಣಿಯೊಳಗೆ ತೂರಿಸಿ ನಿಖರ ಜಾಗ ತೋರಿಸುವ ಕೈಗಾತ್ರದ ಕಡ್ಡಿಯಂತ್ರ, ಇದ್ದರೆ ಕೆಲಸ ಅರ್ಧಕ್ಕರ್ಧ ಇಳಿಯುತ್ತದೆ. ಇವುಗಳ ಜೊತೆಗೆ ಕಳೆ ತೆಗೆಯುವ ಕುರ್ಪಿ, ಒಂದು ಗೋಣಿಚೀಲ, ಪ್ಲಾಸ್ಟಿಕ್ ಜರಡಿ, ನಾಲ್ಕು ಮರದ ಗೂಟ, ಉದ್ದನೆಯ ಹಗ್ಗ ಮತ್ತು ಹಳೆಯ ಸ್ಪೀಕರಿನಿಂದ ಬಿಚ್ಚಿದ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಹೊಸದಾಗಿ ಕೊಳ್ಳುವವರು ಡಬಲ್ ಡಿ ಕಾಯಿಲನ್ನೇ ಕೇಳಿ ಪಡೆಯಿರಿ. ಇದರಲ್ಲಿ ಎರಡು ಸುರುಳಿಗಳು ಒಂದರ ಮೇಲೊಂದು ಸ್ವಲ್ಪ ಹತ್ತಿ ಕುಳಿತಿರುವುದರಿಂದ ನೆಲವನ್ನು ಕತ್ತಿಯ ಬಾಯಿಯಷ್ಟು ಕಿರಿದಾಗಿ ಸವರುತ್ತದೆ, ಹಾಗಾಗಿ ಒಮ್ಮೆಗೆ ನೋಡುವ ಮಣ್ಣು ಕಡಿಮೆಯಾಗಿ ಮಣ್ಣಿನ ಗದ್ದಲವೂ ಕಡಿಮೆಯಾಗುತ್ತದೆ. ಒಡವೆ ಹುಡುಕುವುದೇ ಉದ್ದೇಶವಾದರೆ 15 ಕಿಲೋಹರ್ಟ್ಸ್‌ಗಿಂತ ಮೇಲಿನ ಆವರ್ತನ (ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬ ಲೆಕ್ಕ), ಅಥವಾ ಒಂದೇ ಸಲಕ್ಕೆ ಹಲವು ಆವರ್ತನಗಳಲ್ಲಿ ಓಡುವ ಯಂತ್ರ ಅನುಕೂಲ. ಸಣ್ಣ ಚಿನ್ನ ಮೇಲಿನ ಆವರ್ತನಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ. ಪಲ್ಸ್ ಇಂಡಕ್ಷನ್ ಎಂಬ ಇನ್ನೊಂದು ಬಗೆಯಿದೆ. ಅದು ಬಿಟ್ಟು ಬಿಟ್ಟು ಜೋರಾಗಿ ಮಿಡಿಯುವ ಕ್ಷೇತ್ರದಿಂದ ಕೆಲಸ ಮಾಡುವುದರಿಂದ ಕೆಮ್ಮಣ್ಣಿಗೆ ಹೆದರುವುದಿಲ್ಲ. ಆದರೆ ಕಬ್ಬಿಣದ ಮೊಳೆಗೂ ಚಿನ್ನದ ಉಂಗುರಕ್ಕೂ ಭೇದ ಮಾಡುವುದರಲ್ಲಿ ಹಿಂದೆ. ಊರ ಪಕ್ಕದ ಹೊಲದಲ್ಲಿ ಅದನ್ನು ಹಿಡಿದರೆ ದಿನವೆಲ್ಲ ಮೊಳೆ ಕೀಳುವುದೇ ಆಗುತ್ತದೆ.

ನಿಮ್ಮ ಮೈಮೇಲಿನ ಲೋಹವನ್ನು ಮರೆಯಬೇಡಿ. ಮಣ್ಣನ್ನು ಅಂಗೈಯಲ್ಲಿ ಹಿಡಿದು ಕಾಯಿಲ್ ಮುಂದೆ ಆಡಿಸುವಾಗ ಕೂಗುವುದು ಎಷ್ಟೋ ಸಲ ಮಣ್ಣಲ್ಲ, ಅದೇ ಬೆರಳಿನಲ್ಲಿರುವ ಉಂಗುರ. ಬಳೆ, ಕಡಗ, ಕೈಗಡಿಯಾರ, ಬೆಳ್ಳಿ ಉಡಿದಾರ, ಕಬ್ಬಿಣದ ಮೂತಿಯ ಬೂಟು ಎಲ್ಲವೂ ಸುಳ್ಳು ಹೇಳಿಸುತ್ತವೆ.

3. ಒಂದು ಹಿಡಿ ಮಣ್ಣು, ಒಂದು ಅಯಸ್ಕಾಂತ

ಯಂತ್ರ ಚಾಲೂ ಮಾಡುವ ಮುನ್ನ ಮಾಡಬೇಕಾದ ಕೆಲಸವಿದು. ಹೆಚ್ಚಿನವರು ಇದನ್ನು ಹಾರಿಸಿಬಿಡುತ್ತಾರೆ. ಹುಡುಕಬೇಕಾದ ಜಾಗದಿಂದ ಒಂದು ಹಿಡಿ ಒಣಮಣ್ಣು ತೆಗೆದು ಪುಡಿಮಾಡಿ ಕಾಗದದ ಮೇಲೆ ಹರಡಿ. ಅಯಸ್ಕಾಂತವನ್ನು ತೆಳುವಾದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮಣ್ಣಿನೊಳಗೆ ನಿಧಾನವಾಗಿ ಎಳೆದಾಡಿಸಿ ಮೇಲೆತ್ತಿ. ಕವರಿನ ಮೇಲೆ ಅಲ್ಲಲ್ಲಿ ನಾಲ್ಕಾರು ಕಪ್ಪು ಕಣ ಮಾತ್ರ ಕಂಡರೆ ಮಣ್ಣು ಸಾಧು. ಎರಡು ದಿನ ಬೋಳಿಸದ ಗಡ್ಡದಂತೆ ಕಪ್ಪು ಕಣಗಳು ನೆಟ್ಟಗೆ ನಿಂತು ಕವರನ್ನೇ ಮುಚ್ಚಿದ್ದರೆ ಅದು ಮ್ಯಾಗ್ನೆಟೈಟ್‌ನಂಥ ಕಬ್ಬಿಣದ ಖನಿಜ ಹೇರಳವಾಗಿರುವ ಮಣ್ಣು; ಅಲ್ಲಿ ಯಂತ್ರದ ಆಳ ಕುಗ್ಗುತ್ತದೆ. ಬಣ್ಣ ಮಾತ್ರ ನೋಡಿ ತೀರ್ಮಾನಿಸಬೇಡಿ. ಕೆಂಪಗಿರುವುದೆಲ್ಲ ಕಾಟ ಕೊಡುವುದಿಲ್ಲ. ಕೆಂಪು ಬಣ್ಣ ಕೊಡುವ ಹೆಮಟೈಟ್ ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ, ಕಾಟ ಕೊಡುವುದು ಅದರ ಜೊತೆಗಿರುವ ಬೇರೆ ಕಬ್ಬಿಣದ ಆಕ್ಸೈಡುಗಳು.

ಇದಾದ ಮೇಲೆ, ಕಳೆದ ವಸ್ತುವನ್ನೇ ಹೋಲುವ ಇನ್ನೊಂದನ್ನು ಅದೇ ಹೊಲದ ಒಂದು ಮೂಲೆಯಲ್ಲಿ ಹೂತು ನೋಡಿ. ಕಿವಿಯೋಲೆ ಕಳೆದಿದ್ದರೆ ಜೋಡಿಯ ಇನ್ನೊಂದು ಓಲೆ ಮನೆಯಲ್ಲೇ ಇರುತ್ತದೆಯಲ್ಲ, ಅದಕ್ಕಿಂತ ಒಳ್ಳೆಯ ಮಾದರಿ ಸಿಗದು. ಅದನ್ನು ದಾರಕ್ಕೆ ಕಟ್ಟಿ, ದಾರದ ತುದಿಯನ್ನು ಗೂಟಕ್ಕೆ ಬಿಗಿದು, ಮೊದಲು ಎರಡು ಬೆರಳು, ಆಮೇಲೆ ನಾಲ್ಕು ಬೆರಳು ಆಳಕ್ಕೆ ಇಟ್ಟು ಮಣ್ಣು ಮುಚ್ಚಿ ಕಾಯಿಲ್ ಸವರಿ. ಯಾವ ಆಳದಲ್ಲಿ ಸದ್ದು ನಿಲ್ಲುತ್ತದೆ, ವಸ್ತುವಿನ ಬಗೆ ಸೂಚಿಸಲು ಯಂತ್ರ ಪರದೆಯ ಮೇಲೆ ಯಾವ ಸಂಖ್ಯೆ ತೋರಿಸುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ದಾರ ಕಟ್ಟುವುದನ್ನು ಮಾತ್ರ ಮರೆಯಬೇಡಿ. ಒಂದು ಹುಡುಕಲು ಹೋಗಿ ಎರಡನ್ನೂ ಕಳೆದುಕೊಂಡವರಿದ್ದಾರೆ.

4. ಗ್ರೌಂಡ್ ಬ್ಯಾಲೆನ್ಸ್

ಮಣ್ಣು ಕೊಡುವ ಉತ್ತರವನ್ನು ಯಂತ್ರಕ್ಕೆ ಪರಿಚಯ ಮಾಡಿಸಿ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡುವುದನ್ನು ಗ್ರೌಂಡ್ ಬ್ಯಾಲೆನ್ಸ್ ಎನ್ನುತ್ತಾರೆ. ಮೊದಲು ಲೋಹವಿಲ್ಲದ ಒಂದು ಗಜದಷ್ಟು ಜಾಗವನ್ನು ಸವರಿ ಖಚಿತಪಡಿಸಿಕೊಳ್ಳಿ. ನಂತರ ಕಾಯಿಲನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು, ನೆಲದಿಂದ ಎರಡು ಮೂರು ಸೆಂಟಿಮೀಟರ್ ಎತ್ತರದಿಂದ ಮೊಣಕಾಲಿನ ಕೆಳಗಿನವರೆಗೆ ಏರಿಸಿ ಇಳಿಸಿ ಮಾಡಿ. ಏರಿಸಿದಾಗ ಇಳಿಸಿದಾಗ ಸದ್ದು ಬದಲಾಗದೆ ಒಂದೇ ಸಮನಾಗುವವರೆಗೆ ಯಂತ್ರದ ಗ್ರೌಂಡ್ ಬ್ಯಾಲೆನ್ಸ್ ಗುಂಡಿಯನ್ನು ತಿರುಗಿಸಬೇಕು. ಸ್ವಯಂಚಾಲಿತ ಯಂತ್ರವಾದರೆ ಅದಕ್ಕಿರುವ ಗುಂಡಿ ಒತ್ತಿಹಿಡಿದು ಹೀಗೆಯೇ ಆಡಿಸಿದರೆ ಸಾಕು.

ಇಲ್ಲಿ ಆಗುವ ತಪ್ಪು ಏನೆಂದರೆ, ಬೆಳಿಗ್ಗೆ ಒಮ್ಮೆ ಮಾಡಿದ್ದನ್ನು ಸಂಜೆಯವರೆಗೂ ಹಾಗೆಯೇ ಬಿಡುವುದು. ತೆವರಿ ದಾಟಿ ಪಕ್ಕದ ಗದ್ದೆಗೆ ಇಳಿದರೆ ಮಣ್ಣು ಬೇರೆ, ನೀರು ಹಾಯಿಸಿದ ಪಟ್ಟಿಗೆ ಬಂದರೆ ತೇವ ಬೇರೆ, ಮಧ್ಯಾಹ್ನ ಬಿಸಿಲೇರಿದರೆ ಕಾಯಿಲ್ ಕಾದು ಅದರ ಅಳತೆಯೇ ಸ್ವಲ್ಪ ಜಾರಿರುತ್ತದೆ. ಯಂತ್ರ ಸುಮ್ಮನೆ ಗೊಣಗತೊಡಗಿದಾಗಲೆಲ್ಲ ಕೆಟ್ಟಿತೆಂದು ಅಂಗಡಿಗೆ ಒಯ್ಯುವ ಮೊದಲು ಇದನ್ನು ಮತ್ತೊಮ್ಮೆ ಮಾಡಿ ನೋಡಿ. ಮೇಲೆ ಹೇಳಿದ ಮೂರನೆಯ ಪ್ರಶ್ನೆಗೆ ಉತ್ತರ ಬಹುಪಾಲು ಇಷ್ಟೇ.

5. ಸೆನ್ಸಿಟಿವಿಟಿ ಮತ್ತು ಡಿಸ್ಕ್ರಿಮಿನೇಷನ್

ಸೆನ್ಸಿಟಿವಿಟಿ ಎಂದರೆ ಯಂತ್ರ ಎಷ್ಟು ಸಣ್ಣ ಉತ್ತರಕ್ಕೂ ಕಿವಿಗೊಡಬೇಕು ಎಂಬ ಮಟ್ಟ. ಪೂರ್ತಿ ಏರಿಸಿದರೆ ಪೂರ್ತಿ ಆಳ ಸಿಗುತ್ತದೆಂಬುದು ತಪ್ಪು ತಿಳಿವಳಿಕೆ. ಮಂಡ್ಯದ ಹೊರಭಾಗದ ಒಂದು ಕೆಮ್ಮಣ್ಣಿನ ಹೊಲದಲ್ಲಿ ನಾನೇ ಇದನ್ನು ಗರಿಷ್ಠಕ್ಕಿಟ್ಟು ಅರ್ಧ ದಿನ ಬರೀ ಮಣ್ಣನ್ನು ಅಗೆದಿದ್ದೇನೆ. ಊಟದ ನಂತರ ಅರ್ಧಕ್ಕೆ ಇಳಿಸಿದಾಗ ಗದ್ದಲ ಅಡಗಿ, ಬೆಳಿಗ್ಗೆಯೇ ಎರಡು ಸಲ ದಾಟಿಹೋಗಿದ್ದ ಸಾಲಿನಲ್ಲಿ ಕಾಲುಂಗುರ ಮೂರು ಬೆರಳು ಆಳದಲ್ಲಿ ಸಿಕ್ಕಿತು. ಕಾಯಿಲನ್ನು ಗಾಳಿಯಲ್ಲಿ ಅಲುಗಾಡದಂತೆ ಹಿಡಿದಾಗ ಯಂತ್ರ ಮೌನವಾಗಿರಬೇಕು, ನೆಲದ ಮೇಲೆ ಸವರುವಾಗ ಹತ್ತು ಸಲಕ್ಕೆ ಒಂದೆರಡು ಬಾರಿ ಮಾತ್ರ ಸಣ್ಣಗೆ ಕೆಮ್ಮಬೇಕು. ಆ ಮಟ್ಟಕ್ಕೆ ಇಳಿಸಿ ನಿಲ್ಲಿಸಿ.

ಡಿಸ್ಕ್ರಿಮಿನೇಷನ್ ಎಂದರೆ ಬೇಡದ ಲೋಹದ ಸದ್ದನ್ನು ತಡೆಯುವ ಸೋಸಣಿಗೆ. ಕಳೆದ ಚಿನ್ನ ಸಿಗದೇ ಹೋಗುವುದಕ್ಕೆ ನಾನು ಕಂಡ ದೊಡ್ಡ ಕಾರಣ ಇದೇ. ಯಂತ್ರಕ್ಕೆ ಚಿನ್ನವೆಂದು ಗೊತ್ತಾಗುವುದಿಲ್ಲ. ಅದು ಅಳೆಯುವುದು ವಸ್ತುವಿನ ವಿದ್ಯುತ್ ವಾಹಕತೆ, ಗಾತ್ರ, ಆಕಾರ ಸೇರಿ ಉಂಟಾಗುವ ಒಂದು ಉತ್ತರವನ್ನಷ್ಟೇ. ಸಣ್ಣ ಉಂಗುರ, ಓಲೆ, ತಾಳಿಬೊಟ್ಟುಗಳು ಕೊಡುವ ಸಂಖ್ಯೆಯೂ, ಗುಟ್ಕಾ ಚೀಟಿಯೊಳಗಿನ ಅಲ್ಯುಮಿನಿಯಂ ಹಾಳೆ, ಮಾತ್ರೆಯ ಪಟ್ಟಿ, ಕೀಟನಾಶಕದ ಪೊಟ್ಟಣ, ತಂಪುಪಾನೀಯದ ಡಬ್ಬಿಯ ಕಿವಿ ಕೊಡುವ ಸಂಖ್ಯೆಯೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬೀಳುತ್ತವೆ. ಕಸದ ಕಾಟ ತಾಳಲಾರದೆ ಆ ಸಂಖ್ಯೆಗಳನ್ನು ಮುಚ್ಚಿದರೆ ಓಲೆಯನ್ನೂ ಮುಚ್ಚಿದಂತೆ. ಒಡವೆ ಹುಡುಕುವಾಗ ಕಬ್ಬಿಣವನ್ನು ಮಾತ್ರ ತಡೆದು, ಉಳಿದೆಲ್ಲ ಸದ್ದಿಗೂ ಅಗೆಯಬೇಕು. ಬೇಸರದ ಕೆಲಸವೇ ಸರಿ, ಬೇರೆ ದಾರಿಯಿಲ್ಲ.

ಸರದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡೆಳೆಯ ಸಣ್ಣ ಸರವನ್ನು ಯಂತ್ರ ಒಂದು ವಸ್ತುವಾಗಿ ನೋಡುವುದಿಲ್ಲ. ಒಂದೊಂದು ಕೊಂಡಿಯನ್ನೂ ಬೇರೆ ಬೇರೆ ಕಣವಾಗಿ ನೋಡುತ್ತದೆ. ಹತ್ತು ಗ್ರಾಂ ಸರದ ಸದ್ದು ಎರಡು ಗ್ರಾಂ ಉಂಗುರದ ಸದ್ದಿಗಿಂತ ಕ್ಷೀಣವಾಗಿ ಬರಬಹುದು. ಕರಿಮಣಿ ಸರದಲ್ಲಿ ಮಣಿಗೆ ಸದ್ದೇ ಇಲ್ಲ. ನೀವು ಹುಡುಕುತ್ತಿರುವುದು ತಾಳಿಬೊಟ್ಟನ್ನು, ಗುಂಡನ್ನು, ಕೊಕ್ಕೆಯನ್ನು ಎಂದು ತಿಳಿದು ಅವುಗಳ ಗಾತ್ರಕ್ಕೆ ತಕ್ಕಂತೆ ನಿಧಾನವಾಗಿ ಸವರಿ.

6. ಮಣ್ಣಿಗೆ ತಕ್ಕ ಹೊಂದಾಣಿಕೆ

ಮೈಸೂರು, ಮಂಡ್ಯ ಜಿಲ್ಲೆಗಳ ಹೆಚ್ಚಿನ ಖುಷ್ಕಿ ಭೂಮಿ ಮರಳು ಬೆರೆತ ಕೆಮ್ಮಣ್ಣು. ಅಲ್ಲಿ ಕಾಯಿಲ್ ಚಿಕ್ಕದಿದ್ದಷ್ಟೂ ಒಳ್ಳೆಯದು. ಹನ್ನೊಂದು ಅಂಗುಲದ್ದರ ಬದಲು ಆರು ಅಂಗುಲದ್ದನ್ನು ಹಾಕಿದರೆ ಆಳ ಸ್ವಲ್ಪ ಕಡಿಮೆಯಾದಂತೆ ಕಂಡರೂ ಮಣ್ಣಿನ ಗದ್ದಲ ಅದಕ್ಕಿಂತ ಹೆಚ್ಚು ಕಡಿಮೆಯಾಗುತ್ತದೆ. ಕೆಲವು ಕಲ್ಲುಗಳೂ ಲೋಹದಂತೆ ಕೂಗುತ್ತವೆ. ಸದ್ದು ಒಂದು ದಿಕ್ಕಿನಿಂದ ಸವರಿದಾಗ ಬಂದು, ತೊಂಬತ್ತು ಡಿಗ್ರಿ ತಿರುಗಿ ನಿಂತು ಸವರಿದಾಗ ಬಾರದಿದ್ದರೆ, ಅಥವಾ ಕಾಯಿಲನ್ನು ನಾಲ್ಕು ಬೆರಳು ಎತ್ತಿದ ಕೂಡಲೇ ಪೂರ್ತಿ ಮಾಯವಾದರೆ, ಅದು ಕಲ್ಲಿರಬಹುದು.

ಉತ್ತ ನೆಲಕ್ಕೂ ಕಬ್ಬಿನ ಸಾಲಿಗೂ ಒಂದು ನಿಯಮ ನೆನಪಿಡಿ: ಸಾಲಿಗೆ ಅಡ್ಡಲಾಗಿ ಸವರಬೇಡಿ. ದಿಂಡಿನ ಮೇಲೆ ಬಂದಾಗ ಕಾಯಿಲಿಗೆ ಮಣ್ಣು ಹತ್ತಿರ, ಸಾಲಿನ ಗುಂಡಿಗೆ ಬಂದಾಗ ದೂರ. ಈ ಏರಿಳಿತವನ್ನೇ ಯಂತ್ರ ಲೋಹವೆಂದು ತಪ್ಪು ತಿಳಿಯುತ್ತದೆ. ಸಾಲಿನ ಉದ್ದಕ್ಕೆ, ಒಂದೇ ಎತ್ತರದಲ್ಲಿ ಸಾಗಿ. ಕಬ್ಬು ಕಡಿದ ಹೊಲವಾದರೆ ತರಗನ್ನು ಮೊದಲು ಕೈಯಿಂದ ಎತ್ತಿ ಒಂದು ಕಡೆ ಹಾಕಿ, ಆ ರಾಶಿಯನ್ನೂ ಒಮ್ಮೆ ಸವರಿ. ಓಲೆ ತರಗಿನಲ್ಲೇ ಸಿಕ್ಕಿಕೊಂಡಿರುವುದು ಅಪರೂಪವಲ್ಲ. ತರಗಿಗೆ ಬೆಂಕಿ ಹಾಕುವುದಂತೂ ಬೇಡವೇ ಬೇಡ. ಕೂಳೆಗೆ ಕಾಯಿಲ್ ಬಡಿದಾಗಲೂ ಸುಳ್ಳು ಸದ್ದು ಬರುತ್ತದೆ, ಹಾಗಾಗಿ ಕೂಳೆ ಬಿಟ್ಟ ಹೊಲದಲ್ಲಿ ಸ್ವಲ್ಪ ಎತ್ತರಿಸಿ ಹಿಡಿಯಬೇಕಾಗುತ್ತದೆ.

ಎರೆ ಮಣ್ಣಿನ ತೊಂದರೆ ಬಿರುಕು. ಬೇಸಿಗೆಯಲ್ಲಿ ಬಾಯಿ ಬಿಟ್ಟ ಎರೆಯ ಬಿರುಕಿಗೆ ಉಂಗುರ ಜಾರಿದರೆ ಒಂದು ಅಡಿಗಿಂತ ಕೆಳಗೆ ಹೋಗಿ ಕೂರಬಹುದು, ಆಗ ಯಂತ್ರದ ಕೈಗೆ ಎಟಕುವುದಿಲ್ಲ. ಬಿರುಕಿನ ಅಂಚಿನಲ್ಲಿ ಸುಳ್ಳು ಸದ್ದೂ ಬರುತ್ತದೆ. ಪಿನ್‌ಪಾಯಿಂಟರನ್ನೇ ಬಿರುಕಿನೊಳಗೆ ಇಳಿಸಿ, ಬಿರುಕಿನ ಉದ್ದಕ್ಕೂ ನೋಡುತ್ತ ಹೋಗುವುದು ಇದಕ್ಕೆ ಉಪಾಯ. ನೀರು ಹಾಯಿಸಿ ಬಿರುಕು ಮುಚ್ಚಿಸುವ ಕೆಲಸ ಅದಕ್ಕೂ ಮೊದಲು ಮಾಡಬೇಡಿ.

ಕೆಸರು ಗದ್ದೆಯಲ್ಲಿ ವಸ್ತು ಬಿದ್ದಾಗ ನಾಲ್ಕೈದು ಜನ ಇಳಿದು ಕೈಯಾಡಿಸುವುದೇ ಅದು ಕೈತಪ್ಪಿಹೋಗಲು ಕಾರಣ. ಒಂದೊಂದು ಹೆಜ್ಜೆಯೂ ಓಲೆಯನ್ನು ಇನ್ನಷ್ಟು ಕೆಳಗೆ ತುಳಿಯುತ್ತದೆ. ಬಿದ್ದ ಜಾಗದ ಸುತ್ತ ಗೂಟ ನೆಡಿ, ಎಲ್ಲರನ್ನೂ ಮೇಲೆ ಹತ್ತಿಸಿ, ಮೇಲಿನ ಗದ್ದೆಯಿಂದ ನೀರು ಬರುವ ಬಾಯಿ ಕಟ್ಟಿ. ಪೈರು ಉಳಿಸಿಕೊಂಡು ಎಷ್ಟು ಸಾಧ್ಯವೋ ಅಷ್ಟು ನೀರು ಬಸಿದು, ಕಾಲಿಟ್ಟರೆ ಹೂತುಹೋಗದಷ್ಟು ಗಟ್ಟಿಯಾದಾಗ ಸವರಿ. ಆಗ ಸಿಗದಿದ್ದರೆ ಸುಗ್ಗಿಯವರೆಗೆ ಕಾಯುವುದು ಮೇಲು, ಏಕೆಂದರೆ ಚಿನ್ನ ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಆದರೆ ಕೊಯ್ಲಿನ ನಂತರ ರೋಟವೇಟರ್ ಹೊಡೆಸುವ ಮುನ್ನವೇ ಹುಡುಕಬೇಕು. ಒಮ್ಮೆ ರೋಟವೇಟರ್ ಹಾದರೆ ವಸ್ತು ಮುರಿಯಬಹುದು, ಬಿದ್ದಲ್ಲಿಂದ ಬಹುದೂರ ಸಾಗಲೂಬಹುದು. ನಿಮ್ಮ ಗೂಟಕ್ಕೆ ಆಮೇಲೆ ಅರ್ಥವೇ ಇರುವುದಿಲ್ಲ.

ಚೌಳು ನೆಲ, ಅಂದರೆ ನೀರು ನಿಂತು ನಿಂತು ಮೇಲೆ ಬಿಳಿಯ ಉಪ್ಪು ಕಟ್ಟಿದ ನೆಲ, ನಾಲೆ ಬಯಲಿನಲ್ಲಿ ಹಲವು ಕಡೆ ಕಾಣುತ್ತದೆ. ಒಣಗಿರುವಾಗ ಇದು ಯಂತ್ರಕ್ಕೆ ತೊಂದರೆ ಕೊಡುವುದಿಲ್ಲ. ಒದ್ದೆಯಾದಾಗ ಉಪ್ಪುನೀರು ವಿದ್ಯುತ್ತನ್ನು ಒಯ್ಯುವುದರಿಂದ ಇಡೀ ನೆಲವೇ ತೆಳುವಾದ ಲೋಹದ ಹಾಳೆಯಂತೆ ವರ್ತಿಸುತ್ತದೆ, ಮತ್ತು ಆ ಉತ್ತರ ಬೀಳುವುದು ಸಣ್ಣ ಚಿನ್ನದ ಉತ್ತರ ಬೀಳುವ ಕಡೆಗೇ. ಒಂದೇ ಆವರ್ತನದ ಯಂತ್ರ ಕಬ್ಬಿಣಾಂಶವನ್ನಾಗಲಿ ಉಪ್ಪನ್ನಾಗಲಿ ಒಂದನ್ನು ಸರಿದೂಗಿಸಬಲ್ಲದು, ಎರಡನ್ನೂ ಅಲ್ಲ. ಹಲವು ಆವರ್ತನಗಳ ಯಂತ್ರವಿದ್ದರೆ ಸಮುದ್ರ ತೀರಕ್ಕೆಂದು ಕೊಟ್ಟಿರುವ ಹೊಂದಾಣಿಕೆಯನ್ನು ಆರಿಸಿ. ಮಂಡ್ಯಕ್ಕೆ ಸಮುದ್ರವಿಲ್ಲ ನಿಜ, ಆದರೆ ಯಂತ್ರಕ್ಕೆ ಒದ್ದೆ ಚೌಳೂ ಕಡಲತೀರವೂ ಒಂದೇ. ಇಲ್ಲದಿದ್ದರೆ ನೆಲ ಒಣಗಲಿ.

ಆಲೆಮನೆ, ಇಟ್ಟಿಗೆ ಗೂಡು, ಹಳೆಯ ಒಲೆಗಳಿದ್ದ ಜಾಗದಲ್ಲಿ ಯಂತ್ರ ಹುಚ್ಚೆದ್ದಂತೆ ಕೂಗಿದರೆ ಆಶ್ಚರ್ಯಪಡಬೇಡಿ. ಮಣ್ಣು ಚೆನ್ನಾಗಿ ಸುಟ್ಟಾಗ ಅದರ ಕಬ್ಬಿಣಾಂಶ ಹೆಚ್ಚು ಕಾಂತೀಯ ರೂಪಕ್ಕೆ ತಿರುಗುತ್ತದೆ. ಕೊಪ್ಪರಿಗೆಯ ಒಲೆಯ ಸುತ್ತಲಿನ ಸುಟ್ಟ ಮಣ್ಣು, ಇಟ್ಟಿಗೆ ಚೂರು, ಹೆಂಚಿನ ಚೂರು ಎಲ್ಲವೂ ಇದೇ ಗುಂಪು. ಅಲ್ಲಿ ಯಂತ್ರ ಬದಿಗಿಟ್ಟು, ಮೇಲಿನ ಎರಡು ಅಂಗುಲ ಮಣ್ಣನ್ನು ಕೆರೆದು ಜರಡಿ ಹಿಡಿಯುವುದೇ ಬೇಗ ಮುಗಿಯುವ ಕೆಲಸ. ಇನ್ನು ಹೊಳೆಯ ಮರಳು ಸುಲಭ. ಕಪ್ಪು ಮರಳಿನ ಗೆರೆ ಕಂಡಲ್ಲಿ ಮಾತ್ರ ಮತ್ತೆ ಗ್ರೌಂಡ್ ಬ್ಯಾಲೆನ್ಸ್ ಮಾಡಿಕೊಳ್ಳಿ.

7. ಹವಾಮಾನ

ಮಳೆ ಬಂದು ಹೋದ ನೆಲದಲ್ಲಿ ಆಳ ಹೆಚ್ಚು ಸಿಗುತ್ತದೆಂಬ ಮಾತು ಎಲ್ಲೆಡೆ ಇದೆ. ಅದು ಅರ್ಧ ಸತ್ಯ. ಬಹುಕಾಲ ನೆಲದಲ್ಲಿದ್ದ ಕಬ್ಬಿಣದ ತುಕ್ಕು ಸುತ್ತಲಿನ ಮಣ್ಣಿಗೆ ಹರಡಿರುತ್ತದೆ, ತೇವವಿದ್ದಾಗ ಅದರ ಸದ್ದು ದೊಡ್ಡದಾಗಬಹುದು. ಹೋದ ವಾರ ಬಿದ್ದ ಚಿನ್ನದ ಓಲೆಗೆ ಇದು ಅನ್ವಯಿಸುವುದಿಲ್ಲ. ಮಳೆಯಿಂದ ನಿಜವಾಗಿ ಆಗುವ ಲಾಭವೆಂದರೆ ಮಣ್ಣು ಮೆತ್ತಗಾಗಿ ಅಗೆಯುವುದು ಹಗುರವಾಗುತ್ತದೆ. ಜೋರು ಮಳೆಯ ಮರುದಿನದ ಬದಲು ಎರಡು ಮೂರು ದಿನ ಬಿಟ್ಟು, ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ಬಿಟ್ಟರೆ ಉದುರುವ ಹದಕ್ಕೆ ಬಂದಾಗ ಹೋಗಿ. ನಮ್ಮಲ್ಲಿ ವರ್ಷದ ಅತ್ಯುತ್ತಮ ಕಾಲ ಭತ್ತದ ಕೊಯ್ಲು ಮುಗಿದು ಸಂಕ್ರಾಂತಿಯ ಆಚೀಚೆ ನೆಲ ಖಾಲಿಯಿರುವ ದಿನಗಳು.

ಆದರೆ ಆ ದಿನಗಳ ಬೆಳಗಿನ ಇಬ್ಬನಿ ಲೆಕ್ಕಕ್ಕಿರಲಿ. ಒದ್ದೆ ಹುಲ್ಲು ಕಾಯಿಲಿಗೆ ಉಜ್ಜಿದಾಗ ಕೆಲವು ಯಂತ್ರಗಳು ಚಿಟಿಚಿಟಿ ಎನ್ನುತ್ತವೆ. ಒಂಬತ್ತು ಗಂಟೆಯವರೆಗೆ ಕಾದರೆ ಇಬ್ಬನಿ ಆರುತ್ತದೆ. ಬೇಸಿಗೆಯಲ್ಲಿ ಇದಕ್ಕೆ ತಿರುಗುಮುರುಗು: ಬೆಳಿಗ್ಗೆ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಮಾತ್ರ ಹುಡುಕಿ. ಯಂತ್ರವನ್ನು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟುಬಂದರೆ ಬ್ಯಾಟರಿಯೂ ಪರದೆಯೂ ಹಾಳಾಗುತ್ತವೆ.

ಹೆಚ್ಚಿನ ಯಂತ್ರಗಳಲ್ಲಿ ಕಾಯಿಲ್ ನೀರಿಗೆ ಹೆದರುವುದಿಲ್ಲ, ನೀರಿಗೆ ಹೆದರುವುದು ಮೇಲಿರುವ ಪರದೆ, ಗುಂಡಿಗಳ ಪೆಟ್ಟಿಗೆ. ತುಂತುರಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಮುಂದುವರಿಯಬಹುದು. ಮನೆಗೆ ಬಂದ ಕೂಡಲೇ ಕವರ್ ತೆಗೆದು ಗಾಳಿಗಿಡಿ, ಇಲ್ಲದಿದ್ದರೆ ಒಳಗೇ ಬೆವರಿ ಕೆಡುತ್ತದೆ. ಗುಡುಗಿನ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಭರಣಿ ಮಳೆಯ ಹೊತ್ತಿಗೆ ಮಧ್ಯಾಹ್ನದ ಮೇಲೆ ಮೋಡ ಕಟ್ಟುತ್ತದೆ. ಬಟಾಬಯಲಿನಲ್ಲಿ ಲೋಹದ ಕೋಲು ಹಿಡಿದು ನಿಂತವರು ನೀವೊಬ್ಬರೇ ಆಗಿರುತ್ತೀರಿ. ಮೊದಲ ಗುಡುಗು ಕೇಳಿದ ಕೂಡಲೇ ಯಂತ್ರ ಇಳಿಸಿ ಗಟ್ಟಿ ಕಟ್ಟಡಕ್ಕೋ ಕಾರಿನೊಳಕ್ಕೋ ಹೋಗಿ, ಮರದ ಕೆಳಗೆ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಳೆಯುವವರೆಗೆ ಹೊರಬರಬೇಡಿ.

ಮಳೆ ಬಿಸಿಲಿನ ಜೊತೆಗೆ ಕರೆಂಟನ್ನೂ ನಾನು ಹವಾಮಾನಕ್ಕೇ ಸೇರಿಸುತ್ತೇನೆ. ಟ್ರಾನ್ಸ್‌ಫಾರ್ಮರ್, ಮೇಲೆ ಹಾದ ವಿದ್ಯುತ್ ತಂತಿ, ಓಡುತ್ತಿರುವ ಪಂಪ್‌ಸೆಟ್, ಹಂದಿಗೆಂದು ಹಾಕಿದ ಝಟ್ಕಾ ಬೇಲಿ, ಜೇಬಿನ ಮೊಬೈಲ್ ಎಲ್ಲವೂ ಯಂತ್ರದ ಕಿವಿಯಲ್ಲಿ ಗದ್ದಲ ಮಾಡುತ್ತವೆ. ಮೂರು ಫೇಸ್ ಕರೆಂಟು ಇಲ್ಲದ ಹೊತ್ತನ್ನು ಆರಿಸಿಕೊಳ್ಳಿ, ಬೇಲಿ ನಿಮ್ಮದೇ ಆದರೆ ಅದರ ಕರೆಂಟು ಬಂದ್ ಮಾಡಿ, ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ದೂರದಲ್ಲಿಡಿ.

8. ಸವರುವ ಕ್ರಮ

ವಸ್ತು ಬಿದ್ದಿರಬಹುದಾದ ಜಾಗವನ್ನು ನಾಲ್ಕು ಗೂಟ ನೆಟ್ಟು ಗುರುತಿಸಿ, ಒಂದು ಮೀಟರ್ ಅಗಲದ ಪಟ್ಟಿಗಳಾಗಿ ಹಗ್ಗ ಎಳೆಯಿರಿ. ಕಾಯಿಲನ್ನು ನೆಲಕ್ಕೆ ತಾಗಿಯೂ ತಾಗದಂತೆ, ಎರಡು ತುದಿಯಲ್ಲೂ ಮೇಲೇಳದಂತೆ ಸವರಬೇಕು. ಕುಡುಗೋಲು ಬೀಸಿದ ಹಾಗೆ ತುದಿಯಲ್ಲಿ ಎತ್ತುವುದು ಎಲ್ಲರ ಕೈಗೂ ಬಂದಿರುವ ಚಾಳಿ. ಎತ್ತಿದ ಕಡೆಯಲ್ಲೆಲ್ಲ ಆಳ ಹೋಗುತ್ತದೆ. ಎಡದಿಂದ ಬಲಕ್ಕೆ ಒಂದೂವರೆ ಸೆಕೆಂಡಿನಷ್ಟು ಹೊತ್ತು ಸಾಕು, ಮುಂದಿನ ಸವರಿಕೆ ಹಿಂದಿನದರ ಅರ್ಧವನ್ನು ಮತ್ತೆ ಮುಚ್ಚಬೇಕು. ಒಂದು ದಿಕ್ಕಿನಲ್ಲಿ ಮುಗಿದ ಮೇಲೆ ಅಡ್ಡದಿಕ್ಕಿನಲ್ಲಿ ಇನ್ನೊಮ್ಮೆ ನೋಡಿ. ಸಾಲು ಇರುವ ನೆಲವಾದರೆ ಅಡ್ಡ ನೋಡುವ ಬದಲು ಅದೇ ಸಾಲನ್ನು ಎದುರು ತುದಿಯಿಂದ ನೋಡಿ. ಅಂಚಿಗೆ ನಿಂತಂತೆ ಬಿದ್ದ ಉಂಗುರ ಮೊದಲ ಸಲಕ್ಕೆ ತಪ್ಪಿಹೋಗಿ ಎರಡನೆಯ ಸಲಕ್ಕೆ ಸಿಗುವುದುಂಟು.

9. ಗುರುತು ಹಚ್ಚಿ ತೆಗೆಯುವುದು

ಸದ್ದು ಬಂದ ಜಾಗದ ಮೇಲೆ ಗುಣಾಕಾರ ಚಿಹ್ನೆಯಂತೆ ಎರಡು ದಿಕ್ಕಿನಿಂದ ಸವರಿ, ಗೆರೆಗಳು ಕೂಡುವ ಬಿಂದುವಿಗೆ ಒಂದು ಕಡ್ಡಿ ಚುಚ್ಚಿ. ಹಾರೆ ಅಥವಾ ಗುದ್ದಲಿಯನ್ನು ನೇರವಾಗಿ ಅಲ್ಲಿಗೇ ಹಾಕಬೇಡಿ. ಹುಡುಕಿದ ಉಂಗುರವನ್ನು ತಾವೇ ಕತ್ತರಿಸಿದ ಸಂಕಟ ಬೇಡ. ಒಂದು ಗೇಣು ದೂರದಿಂದ ಕುರ್ಪಿಯಲ್ಲಿ ಸುತ್ತಲೂ ಬಿಡಿಸಿ, ಮಣ್ಣಿನ ಹೆಂಟೆಯನ್ನು ಹಾಗೆಯೇ ಎತ್ತಿ ಗೋಣಿಚೀಲದ ಮೇಲಿಡಿ. ಈಗ ಗುಣಿಯನ್ನು ಸವರಿ. ಸದ್ದು ಇನ್ನೂ ಗುಣಿಯಲ್ಲೇ ಇದೆಯೋ, ಚೀಲದ ಮೇಲಿನ ಮಣ್ಣಿಗೆ ಬಂದಿದೆಯೋ ನೋಡಿ. ಮಣ್ಣಿಗೆ ಬಂದಿದ್ದರೆ ಅದನ್ನು ಎರಡು ಪಾಲು ಮಾಡಿ, ಸದ್ದಿರುವ ಪಾಲನ್ನು ಮತ್ತೆ ಎರಡು ಮಾಡಿ, ಕೊನೆಗೆ ಒಂದು ಹಿಡಿಗೆ ಬಂದಾಗ ಬೆರಳಿನಲ್ಲಿ ಉದುರಿಸಿ ನೋಡಿ. ಒದ್ದೆ ಜೇಡಿಯಾದರೆ ಓಲೆ ಮಣ್ಣಿನ ಗೋಲಿಯೊಳಗೆ ಅಡಗಿ ಕಲ್ಲಿನಂತೆ ಕಾಣುತ್ತದೆ, ಆದ್ದರಿಂದ ಎಸೆಯುವ ಮುಂಚೆ ಒಂದೊಂದು ಗೋಲಿಯನ್ನೂ ಹಿಚುಕಿ. ಗುಣಿಯಿಂದ ಒಂದು ವಸ್ತು ಸಿಕ್ಕಮೇಲೂ ಇನ್ನೊಮ್ಮೆ ಸವರಿ. ಗುಟ್ಕಾ ಚೀಟಿಯ ಕೆಳಗೇ ಓಲೆಯಿದ್ದ ಉದಾಹರಣೆ ನನ್ನ ಕಣ್ಣಮುಂದಿದೆ.

ಉದ್ದಕ್ಕೂ ಒಂದೇ ಸಮನೆ ಸದ್ದು ಬರುತ್ತ ಸಾಲಾಗಿ ಸಾಗಿದರೆ ಅದು ಕಬ್ಬಿಣದ ಪೈಪು ಅಥವಾ ನೆಲದಡಿಯ ಕೇಬಲ್. ಪಂಪ್‌ಸೆಟ್ಟಿನಿಂದ ಮನೆಗೆ ಹೂತ ಕೇಬಲ್ಲಿರುವ ಕಡೆ ಹಾರೆ ಹಾಕುವುದು ಪ್ರಾಣಕ್ಕೆ ಅಪಾಯ. 

ಬದು, ತೆವರಿ, ತರಗಿನ ರಾಶಿ, ಬಿರುಕುಗಳಲ್ಲಿ ಕೈ ಹಾಕುವ ಮುನ್ನ ಕೋಲಿನಿಂದ ಕೆದಕಿ. ಕೊಳಕುಮಂಡಲ ಹಾವು ನಮ್ಮ ಗದ್ದೆ ಬಯಲಿನ ಒಕ್ಕಲೇ ಆಗಿದೆ, ಮತ್ತು ಹೆಡ್‌ಫೋನ್ ಹಾಕಿಕೊಂಡ ಕಿವಿಗೆ ಅದರ ಬುಸುಗುಟ್ಟುವಿಕೆ ಕೇಳಿಸುವುದಿಲ್ಲ. ಮೊಣಕಾಲವರೆಗಿನ ಗಮ್ ಬೂಟು ಹಾಕಿಕೊಳ್ಳಿ. ಹರಿಯುತ್ತಿರುವ ನಾಲೆಗೆ ಯಾವ ಕಾರಣಕ್ಕೂ ಇಳಿಯಬೇಡಿ, ನೀರು ನಿಲ್ಲಿಸುವ ದಿನ ಬಂದೇ ಬರುತ್ತದೆ.

10. ಕೆಲಸ ಮುಗಿದ ಮೇಲೆ

ತೋಡಿದ ಗುಣಿಗಳನ್ನು ಮುಚ್ಚಿ ತುಳಿದು ಸಮ ಮಾಡಿ. ದನದ ಕಾಲು ಸಿಕ್ಕಿ ಮುರಿದರೆ ಮುಂದಿನ ಸಲ ಆ ಹೊಲದವರು ನಿಮ್ಮನ್ನು ತೆವರಿ ಹತ್ತಿಸುವುದಿಲ್ಲ. ಸಿಕ್ಕ ಮೊಳೆ, ಬ್ಲೇಡು, ಅಲ್ಯುಮಿನಿಯಂ ಚೂರನ್ನೆಲ್ಲ ಒಂದು ಚೀಲಕ್ಕೆ ಹಾಕಿ ಹೊರಗೆ ತನ್ನಿ, ಅಲ್ಲೇ ಎಸೆದರೆ ನಾಳೆ ಮತ್ತೆ ಅದನ್ನೇ ಅಗೆಯುತ್ತೀರಿ. ಕಾಯಿಲಿನ ತಳಕ್ಕೆ ಹಾಕಿರುವ ಪ್ಲಾಸ್ಟಿಕ್ ಮುಚ್ಚಳವನ್ನು ಬಿಚ್ಚಿ ತೊಳೆಯಿರಿ. ಅದರೊಳಗೆ ಸೇರಿಕೊಂಡ ಕೆಮ್ಮಣ್ಣು ಒದ್ದೆಯಾಗಿ ಅಂಟಿ ಕೂತರೆ ಯಂತ್ರ ಅದನ್ನೇ ನೋಡಿ ನೋಡಿ ಕೂಗುತ್ತಿರುತ್ತದೆ. ಕಾಯಿಲಿನಿಂದ ಮೇಲೆ ಬರುವ ತಂತಿ ಕೋಲಿಗೆ ಬಿಗಿಯಾಗಿ ಸುತ್ತಿದೆಯೇ ನೋಡಿ, ಸಡಿಲವಾಗಿ ತೂಗಾಡುವ ತಂತಿಯೂ ಸುಳ್ಳು ಸದ್ದಿಗೆ ಕಾರಣ. ಒಂದು ತಿಂಗಳಿಗಿಂತ ಹೆಚ್ಚು ಕಾಲ ಬಳಸುವುದಿಲ್ಲವೆಂದರೆ ಬಿಡಿ ಸೆಲ್‌ಗಳನ್ನು ತೆಗೆದು ಬೇರೆ ಇಡಿ.